ನಮ್ಮ ಭಾವನವರ ಬಲಗೈ ಹೆಬ್ಬೆರಳು

ಬೆಳಗ್ಗೆ ಬೇಗ ಎದ್ದು ತಲೆಗೆ ನೀರು ಹಾಕಿಕೊಂಡೆ. ರಾತ್ರಿ ನೆನೆಹಾಕಿದ್ದ ಉದ್ದಿನಬೇಳೆ ರುಬ್ಬಿದೆ. ಹಾಲ್‌ನ ಕಾರ್ಪೆಟ್ ನೆನೆಯದಿರಲೆಂದು ಹಳೆಯ ಶವರ್ ಕರ್ಟನ್ ಹಾಸಿ, ಅದರ ಮೇಲೆ ಚಾಪೆ ಹಾಸಿದೆ. ಹೊಗೆಗೆ ಕೂಗಿಕೊಳ್ಳದಿರಲೆಂದು ನಮ್ಮವರು ಕುರ್ಚಿ ಹತ್ತಿ ಸ್ಮೋಕ್ ಅಲಾರಂ ಬಿಚ್ಚಿ, ಟವೆಲಿನಲ್ಲಿ ಸುತ್ತಿ ಗರಾಜಿಗೆ ಸಾಗಿಸಿದರು. ಅದು ಅಲ್ಲಿಂದಲೇ ಒಂದೆರಡು ಸಲ ನರಳಿತು. ಬಾಳೆಕಾಯಿ ಹೆಚ್ಚಿದೆ. ಹಾಗಲಕಾಯಿ ಹೆಚ್ಚಿದೆ. ಒಣಮೆಣಸಿನಕಾಯಿ ಡಬ್ಬಿ ಒಳಗಿಟ್ಟು ಕರಿಮೆಣಸು ಕುಟ್ಟಿದೆ. ಪುರೋಹಿತರು ಈ ಚಳಿಯಲ್ಲೂ ಚಪ್ಪಲಿಯಲ್ಲೇ ಬರುವವರಾದ್ದರಿಂದ ಡ್ರೈವ್‌ವೇ ಮೇಲಿನ ಮಂಜುಗಡ್ಡೆ ಕರಗಲೆಂದು ಉಪ್ಪು ಎರಚಿದೆ. ಹಿತ್ತಿಲಿನ ಹಿಮ ಕೆರೆದು, ಪಿಂಡ ಇಡಲು ಒಂದು ತಟ್ಟೆಯಗಲ ಹುಲ್ಲು ಕಾಣುವಂತೆ ಮಾಡಿದೆ.

ಇಷ್ಟೆಲ್ಲ ಯಾರಿಗಾಗಿ ಅಂತೀರಿ? ಒಂದು ಹೆಬ್ಬೆರಳಿಗಾಗಿ!

ನಮ್ಮವರ ಅಣ್ಣ, ಅಂದರೆ ನನ್ನ ಭಾವನವರು, ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್‌ನಲ್ಲಿದ್ದಾರೆ. ಅವರ ಬಲಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಇನ್ನೊಂದು ಬೆರಳಿಲ್ಲ. ಇಡೀ ಮಿಷಿಗನ್ನಿನಲ್ಲಿ ಅವರಷ್ಟು ಆಶಾವಾದಿ ಮನುಷ್ಯ ಇಲ್ಲವೆಂದು ಅಲ್ಲಿಯ ಜನ ನಂಬಿದ್ದಾರೆ. ಯಾಕೆಂದರೆ ಅವರು ಕೈ ಎತ್ತಿದರೆ ಸಾಕು, ಥಂಬ್ಸ್ ಅಪ್! ಹೈವೇಯಲ್ಲಿ ಯಾರೋ ಅಡ್ಡ ನುಗ್ಗಿದರೆಂದು ಸಿಟ್ಟಿನಿಂದ ಕೈ ಬೀಸುತ್ತಾರೆ. ನುಗ್ಗಿದವನು ಖುಷಿಯಾಗಿ ತಾನೂ ಹೆಬ್ಬೆರಳೆತ್ತಿ ಹೋಗುತ್ತಾನೆ. "ಈ ಕೈ ಇಟ್ಕೊಂಡು ಯಾರ ಹತ್ರಾನೂ ಜಗಳ ಆಡಕ್ಕಾಗಲ್ಲ ಕಣಮ್ಮ, ಜನ್ಮವೆಲ್ಲಾ ಒಪ್ಪಿಗೆ ಕೊಟ್ಕೊಂಡೇ ಓಡಾಡ್ಬೇಕು" ಎನ್ನುವುದು ಅವರ ದೂರು.

ಉಳಿದ ನಾಲ್ಕು ಬೆರಳು ಎಲ್ಲಿ ಹೋದವು? ಅದಕ್ಕೆ ಇಡ್ಲಿ ಹಿಟ್ಟು ಕಾರಣ. ಭಾವನವರ ಮನೆಯಲ್ಲಿ ಹಿಟ್ಟು ರುಬ್ಬುವುದು ಅವರ ಪಾಲಿನ ಕೆಲಸ. ಮೈಸೂರಿನಿಂದ ತಂದ ಗ್ರೈಂಡರ್ ತಿರುಗುತ್ತಿರುವಾಗಲೇ ಅಂಚಿಗೆ ಅಂಟಿದ ಹಿಟ್ಟನ್ನು ಬರಿಗೈಯಲ್ಲಿ ಒಳಗೆ ತಳ್ಳುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದ ವಿದ್ಯೆ. ಕಲ್ಲು ಬರುವಷ್ಟರಲ್ಲಿ ಕೈ ಹೊರಗೆ! ಅದು ಒಂದು ಸಂಕ್ರಾಂತಿಯ ಹಿಂದಿನ ದಿನ. ರುಬ್ಬಿದ ಹಿಟ್ಟು ಉಕ್ಕಲೆಂದು ಓವನ್ನಿನೊಳಗೆ ದೀಪ ಹಾಕಿಟ್ಟು, ಹೊರಗೆ ಹಿಮ ತೆಗೆಯಲು ಹೋದರು. ತಿರುಗುವ ಅಲಗುಗಳಿಂದ ಹಿಮ ಕೆರೆದು ಎಸೆಯುವ ಸ್ನೋ ಬ್ಲೋವರಿನ ಬಾಯಿಗೆ ಒದ್ದೆ ಹಿಮ ಕಟ್ಟಿಕೊಂಡಿತು. ಭಾವನವರ ಕೈಗೆ ಅದು ಹಿಟ್ಟಿನ ಹಾಗೇ ಕಂಡಿರಬೇಕು. ತಳ್ಳಿದರು.

ಆಸ್ಪತ್ರೆಯಲ್ಲಿ ಮೊದಲ ಸಲ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅಕ್ಕ ನಿಂತಿದ್ದರು. ಅಕ್ಕ ಎಂದರೆ ಅವರ ಹೆಂಡತಿ, ನನ್ನ ಓರಗಿತ್ತಿ. ಭಾವನವರು ಕೇಳಿದ ಮೊದಲ ಮಾತು: "ಓವನ್ ಲೈಟ್ ಆರಿಸ್ದ್ಯಾ? ಹಿಟ್ಟು ಉಕ್ಕೋಗತ್ತೆ."

ಅಕ್ಕ ಅಳುತ್ತಲೇ ಹೇಳಿದರಂತೆ, "ಉಕ್ಕಿ ಕೆಳಗೆಲ್ಲಾ ಚೆಲ್ಲಿದೆ. ನಿಮ್ಮ ಕೈ ಗತಿ ನೋಡ್ಕೊಳ್ಳಿ ಮೊದ್ಲು."

ಭಾವನವರು ಬ್ಯಾಂಡೇಜ್ ನೋಡಿಕೊಂಡರು. "ಉಪ್ಪಿನಕಾಯಿ ನೆಕ್ಕಕ್ಕೆ ಒಂದು ಉಳಿಸಿದಾರೆ ಕಣೇ."

ನಮ್ಮವರು ಆ ವಾರವೇ ನಮ್ಮ ಸ್ನೋ ಬ್ಲೋವರ್ ಮಾರಿದರು. ಕ್ಯಾಂಟನ್‌ನಿಂದ ಐದು ಗಂಟೆ ದಾರಿಯ ಹಾಫ್‌ಮನ್ ಎಸ್ಟೇಟ್ಸ್‌ನ ನಮ್ಮ ಬೀದಿಯಲ್ಲಿ ಇಂದಿಗೂ ಸಲಿಕೆ ಹಿಡಿದು ಹಿಮ ಎತ್ತುವವರು ಇವರೊಬ್ಬರೇ. ನಾನೂ ಗ್ರೈಂಡರಿಗೆ ಕೈ ಹಾಕುವುದನ್ನು ಬಿಟ್ಟು ಮರದ ಸೌಟು ಹಿಡಿದೆ. ಭಾವನವರು ಮಾತ್ರ ಎಡಗೈಯಲ್ಲಿ ಹಿಟ್ಟು ತಳ್ಳುವುದನ್ನು ಕಲಿತರು. ಏನು ಹೇಳೋಣ!

ಬೇರೆಯವರಾಗಿದ್ದರೆ ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಭಾವನವರು ಮಾತ್ರ ಮಾತಾಡುವಾಗ ಅದನ್ನೇ ಮುಂದೆ ಮಾಡುತ್ತಾರೆ. ಒಮ್ಮೆ ಅವರು ನಮ್ಮಲ್ಲಿಗೆ ಬಂದಾಗ ಇಲ್ಲಿಗೆ ಹತ್ತಿರದ ಲೆಮಾಂಟ್ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆವು. ಮುಂದಿದ್ದ ಸಣ್ಣ ಹುಡುಗಿ ಉಗುರು ಕಚ್ಚುತ್ತ ಇವರ ಕೈಯನ್ನೇ ನೋಡುತ್ತಿದ್ದಳು. ಅವಳ ತಾಯಿ ಗಾಬರಿಯಾಗಿ, "ಡೋಂಟ್ ಸ್ಟೇರ್! ಸಾರಿ ಅಂಕಲ್" ಎಂದು ಮಗಳ ಮುಖ ಆಚೆಗೆ ತಿರುಗಿಸಿದಳು.

"ಬಿಡಮ್ಮ, ನೋಡ್ಲಿ. ನೋಡಕ್ಕೇ ಇಟ್ಟಿರೋದು."

"ವಾಟ್ ಹ್ಯಾಪನ್ಡ್ ಟು ಯುವರ್ ಹ್ಯಾಂಡ್?" ಎಂದಳು ಹುಡುಗಿ.

ಭಾವನವರು ಬಗ್ಗಿ, ಬಹಳ ಗಂಭೀರವಾಗಿ ಹೇಳಿದರು, "ಉಗುರು ಕಚ್ತಿದ್ದೆ ಪುಟ್ಟಿ. ಐ ಡಿಡ್ ನಾಟ್ ಸ್ಟಾಪ್ ಇನ್ ಟೈಮ್."

ಬಾಯಿಯಲ್ಲಿದ್ದ ಬೆರಳು ಸರಕ್ಕನೆ ಹೊರಗೆ ಬಂತು! ಮುಂದಿನ ಹಬ್ಬಕ್ಕೆ ಆ ತಾಯಿ ನಮ್ಮನ್ನು ಹುಡುಕಿಕೊಂಡು ಬಂದಳು. "ಅಂಕಲ್, ಅವಳು ಉಗುರು ಕಚ್ಚೋದು ಬಿಟ್ಟೇಬಿಟ್ಲು. ಚಿಕ್ಕೋನು ಹೆಬ್ಬೆರಳು ಚೀಪ್ತಾನೆ. ಅವನಿಗೂ ಏನಾದ್ರೂ ಹೇಳ್ತೀರಾ?"

ಭಾವನವರು ಹೆಬ್ಬೆರಳನ್ನು ಎದೆಗೆ ಅವಚಿಕೊಂಡರು. "ಇದೊಂದು ಉಳಿದಿದೆ ಕಣಮ್ಮ. ಇದರ ಮೇಲೂ ಕಣ್ಣು ಹಾಕ್ಬೇಡ."

ಅದೇ ಊಟದ ಹಾಲ್‌ನಲ್ಲಿ ಒಬ್ಬ ಹಿರಿಯರು, ಎಡಗೈಯಲ್ಲಿ ಊಟ ಮಾಡುತ್ತಿದ್ದ ಭಾವನವರನ್ನು ಕಂಡು ಮುಖ ಸಿಂಡರಿಸಿದರು. "ದೇವರ ಪ್ರಸಾದ ಎಡಗೈಲಿ ತಿಂತೀರಲ್ರೀ." ಭಾವನವರು ಮೇಜಿನ ಕೆಳಗಿದ್ದ ಬಲಗೈ ಎತ್ತಿ ಅವರ ಪುಳಿಯೋಗರೆಯ ಪಕ್ಕದಲ್ಲೇ ಇಟ್ಟರು. "ಇದರಲ್ಲಿ ತಿನ್ನಲಾ ಅಂಕಲ್? ನೀವು ತುತ್ತು ಹಾಕಿ ಕೊಡ್ತೀರಾ?" ಹಿರಿಯರು ಮೊಸರನ್ನ ತರುವ ನೆಪದಲ್ಲಿ ಎದ್ದು ಹೋದವರು ತಿರುಗಿ ಬರಲೇ ಇಲ್ಲ. ಪಕ್ಕದಲ್ಲಿದ್ದ ಅಕ್ಕ ಗದರಿದರು, "ಪ್ರದರ್ಶನ ಮುಗೀತಾ? ಊಟ ಮಾಡಿ."

ಒಮ್ಮೆ ನಾವೆಲ್ಲ ಒಟ್ಟಿಗೆ ಊರಿಗೆ ಹೋಗಿ ಬರುವಾಗ ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿದಿದ್ದೆವು. ಆಗ ಭಾವನವರು ಗ್ರೀನ್ ಕಾರ್ಡಿಗೆ ಕಾದು ಕಾದು ತಲೆ ನರೆಸಿಕೊಂಡಿದ್ದ ಕಾಲ. ಇಮಿಗ್ರೇಷನ್ ಅಧಿಕಾರಿ ತಲೆ ಎತ್ತದೆಯೇ, "ರೈಟ್ ಹ್ಯಾಂಡ್, ಫೋರ್ ಫಿಂಗರ್ಸ್" ಎಂದ. ಭಾವನವರು ಬೆರಳಚ್ಚು ತೆಗೆಯುವ ಗಾಜಿನ ಮೇಲೆ ಬೋಳು ಅಂಗೈ ಇಟ್ಟು ಇಂಗ್ಲಿಷಿನಲ್ಲಿ ಹೇಳಿದರು: "ಸರ್, ಆ ನಾಲ್ಕು ಮಿಷಿಗನ್ನಿನಲ್ಲಿ ಪರ್ಮನೆಂಟಾಗಿ ಸೆಟಲ್ ಆಗಿವೆ. ವೀಸಾ ಬೇಕಾಗಿರುವುದು ನನಗೆ ಮಾತ್ರ." ಹಿಂದೆ ನಿಂತಿದ್ದ ನಾನು, ಎಲ್ಲರನ್ನೂ ವಾಪಸ್ ಕಳಿಸುತ್ತಾರೆ ಎಂದುಕೊಂಡೆ. ಅಧಿಕಾರಿ ನಕ್ಕುಬಿಟ್ಟ. ಅಮೆರಿಕದಲ್ಲಿ ಇಮಿಗ್ರೇಷನ್ ಅಧಿಕಾರಿ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ!

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಕಳೆದ ಚಳಿಗಾಲ ಅಕ್ಕ ಹೋದರು.

ಹೊಟ್ಟೆಯೊಳಗಿನ ಕಾಯಿಲೆ. ಗೊತ್ತಾದಾಗಲೇ ಕೈ ಮೀರಿತ್ತು. ಕೊನೆಯ ವಾರ ನಾನು ಕ್ಯಾಂಟನ್‌ನಲ್ಲಿದ್ದೆ. ಗಂಜಿ ಬೇಯಿಸುವುದು, ಬಟ್ಟೆ ಒಗೆಯುವುದು, ಬಂದವರಿಗೆ ಕಾಫಿ ಕೊಡುವುದು ನನ್ನ ಕೆಲಸ. ಭಾವನವರದು ಒಂದೇ ಕೆಲಸ, ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಬಲಗೈ ಚಾಚಿ ಕೂರುವುದು. ಅಕ್ಕ ಆ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದರು, ಎಳೆಗೂಸು ಹಿಡಿದ ಹಾಗೆ. ಬಿಡಿಸಿಕೊಂಡರೆ ಎಚ್ಚರವಾಗುತ್ತಿತ್ತು. ಅದಕ್ಕೆ ಭಾವನವರು ಊಟವನ್ನೂ ಅಲ್ಲೇ ಎಡಗೈಯಲ್ಲಿ ಮಾಡುತ್ತಿದ್ದರು. "ನೋಡಮ್ಮ, ಬೆರಳು ಹೋಗಿದ್ದು ಎಷ್ಟು ಅನುಕೂಲ ಆಯ್ತು. ಇವಳಿಗೆ ಯಾವುದನ್ನ ಹಿಡ್ಕೊಳ್ಳೋದು ಅನ್ನೋ ಯೋಚನೇನೇ ಇಲ್ಲ" ಎಂದರು. ನಾನು ನಗಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ನಕ್ಕರು.

ದಹನದ ದಿನ ಭಾವನವರು ಕುರ್ಚಿ ಬಿಟ್ಟು ಏಳಲಿಲ್ಲ. ಅಲ್ಲಿಯ ಮೇಲ್ವಿಚಾರಕ, ಕರಿ ಸೂಟಿನ ಸಜ್ಜನ, ಬಳಿಗೆ ಬಂದು, "ಆರ್ ಯು ಹೋಲ್ಡಿಂಗ್ ಅಪ್, ಸರ್?" ಎಂದು, ಧೈರ್ಯವಾಗಿದ್ದೀರಾ ಎಂಬಂತೆ ಕೇಳಿದ. ಅದೇ ಹೊತ್ತಿಗೆ ಭಾವನವರು ಕಣ್ಣೊರೆಸಿಕೊಳ್ಳಲು ಕೈ ಎತ್ತಿದರು. ಆತ ಹೆಬ್ಬೆರಳು ನೋಡಿ, "ಗುಡ್ ಮ್ಯಾನ್" ಎಂದು ಭುಜ ತಟ್ಟಿ ಹೋದ! ನಮ್ಮವರು ಆಚೆ ತಿರುಗಿದರು. ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ.

ಆ ದಿನದ ಕ್ರಿಯೆಯನ್ನೂ, ಅನಂತರ ಪ್ರತಿ ತಿಂಗಳ ಮಾಸಿಕವನ್ನೂ ನಮ್ಮವರೇ ಮಾಡಿದರು. ಭಾವನವರು ದರ್ಭೆ ಕೊಟ್ಟು ಒಪ್ಪಿಗೆ ಕೊಡುವುದು, ತಮ್ಮ ಕೂತು ನೀರು ಬಿಡುವುದು. ಶಾಸ್ತ್ರದಲ್ಲಿ ಇದಕ್ಕೆ ದಾರಿಯಿದೆ. ವರ್ಷದ ತಿಥಿಯೂ ನಮ್ಮ ಮನೆಯಲ್ಲೇ, ಹೀಗೇ ಎಂದುಕೊಂಡಿದ್ದೆವು. ಹೋದ ವಾರ ಭಾವನವರ ಫೋನು ಬಂತು. "ಈ ಸಲ ನಾನೇ ನೀರು ಬಿಡ್ತೀನಿ."

ನಮ್ಮವರು ಸ್ಪೀಕರಿನಲ್ಲಿ ಪುರೋಹಿತರನ್ನೂ ಸೇರಿಸಿದರು. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳುತ್ತ ನಿಂತೆ.

"ನೋಡಿ ಸಾರ್, ತರ್ಪಣದ ನೀರು ಬಲಗೈ ಹೆಬ್ಬೆರಳು ತೋರುಬೆರಳ ನಡುವಿಂದ ಬೀಳ್ಬೇಕು. ಅದಕ್ಕೇ ಪಿತೃತೀರ್ಥ ಅನ್ನೋದು. ನಿಮಗೆ…" ಎಂದು ಪುರೋಹಿತರು ತಡವರಿಸಿದರು.

"ಅರ್ಧ ಇದೆ ಸ್ವಾಮಿ."

"ತಮಾಷೆ ಅಲ್ಲ ಸಾರ್."

"ಸರಿ, ಎಡಗೈಲಿ ಬಿಡ್ತೀನಿ."

"ಎಡಗೈಲಿ ಕೊಟ್ಟಿದ್ದು ಅವರಿಗೆ ಸಲ್ಲಲ್ಲ."

"ಹಾಗಾದ್ರೆ ಒಂದು ಹೇಳಿ. ತರ್ಪಣದಲ್ಲಿ ಜನಿವಾರ ಎಡದ ಹೆಗಲಿಂದ ಬಲಕ್ಕೆ ಹೊರಳಿಸ್ತೀರಿ. ಪೂರ್ವ ಬಿಟ್ಟು ದಕ್ಷಿಣಕ್ಕೆ ಕೂರಿಸ್ತೀರಿ. ಎಲ್ಲಾ ತಿರುವುಮುರುವು ಆಗ್ಬಹುದು, ಕೈ ಒಂದು ಆಗಬಾರದಾ?"

ಪುರೋಹಿತರಿಗೆ ನಗು ತಡೆಯಲಾಗಲಿಲ್ಲ. ಆದರೆ ಒಪ್ಪಲೂ ಇಲ್ಲ. ನಮ್ಮವರು, "ಆ ರಬ್ಬರ್ ಬೆರಳಿನ ಕೈ ಮಾಡಿಸಿದ್ಯಲ್ಲ ಅಣ್ಣ, ಅದನ್ನಾದ್ರೂ ಹಾಕ್ಕೋ" ಎಂದರು.

"ಆ ನೀರು ರಬ್ಬರ್ ತೋಟದವನ ಪಿತೃಗಳಿಗೆ ಹೋಗತ್ತೆ ಕಣೋ!"

"ಅಣ್ಣಾ, ಅತ್ತಿಗೆ ತಿಥೀನೂ ನಿನಗೆ ಆಟಾನಾ? ಸುಮ್ನೆ ದರ್ಭೆ ಕೊಡು, ನಾನು ಮಾಡ್ತೀನಿ. ಇಷ್ಟು ದಿನ ನಾನೇ ಮಾಡಿಲ್ವಾ?"

ಆ ಕಡೆಯಿಂದ ಭಾವನವರ ಮಾತು ಬಂತು, ಬಹಳ ಮೆತ್ತಗೆ. "ಮಾಡಿದ್ದೀಯ ಕಣಪ್ಪ. ಆದ್ರೆ ನೀನು ಅವಳಿಗೆ ಮೈದುನ. ಅವಳು ನಿನ್ನೆದುರು ಒಂದು ದಿನ ಕಾಲು ಚಾಚಿ ಕೂತವಳಲ್ಲ, ನೀನು ಊಟ ಮಾಡೋ ಮುಂಚೆ ತಟ್ಟೆ ಮುಟ್ಟಿದವಳಲ್ಲ. ನಿನ್ನ ಕೈ ನೀರು ಅಂದ್ರೆ ಸಂಕೋಚ ಪಟ್ಕೊಂಡು ಕುಡ್ದಿರ್ತಾಳೋ ಇಲ್ವೋ. ವರ್ಷ ಆಯ್ತು. ಬಾಯಾರಿಕೆ ಆಗಿರತ್ತೆ ಅವಳಿಗೆ. ಈ ಕೈ ಆದ್ರೆ ಗುರುತು ಸಿಗತ್ತೆ."

"ಬನ್ನಿ ಸಾರ್, ನೋಡೋಣ" ಎಂದರು ಪುರೋಹಿತರು.

ನಿನ್ನೆ ಸಂಜೆ ಭಾವನವರು ಕ್ಯಾಂಟನ್‌ನಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ಅಕ್ಕ ಇದ್ದಾಗ, ಹೊಸ ಕೈಗವಸು ತಂದ ದಿನವೇ ಬಲಗೈಯದರ ನಾಲ್ಕು ಬೆರಳು ಕತ್ತರಿಸಿ ನೀಟಾಗಿ ಹೊಲಿದುಬಿಡುತ್ತಿದ್ದರು. ನಿನ್ನೆ ಬಾಗಿಲಲ್ಲಿ ನಿಂತವರ ಹೊಸ ಕೈಗವಸಿನಲ್ಲಿ ನಾಲ್ಕು ಖಾಲಿ ಬೆರಳು ಗಾಳಿಗೆ ಅಲ್ಲಾಡುತ್ತಿದ್ದವು. ನಾನು ನೋಡಿದ್ದನ್ನು ಅವರು ನೋಡಿದರು. "ಟಾಟಾ ಮಾಡ್ತಿವೆ" ಎಂದರು.

ಇವತ್ತು ಬೆಳಗ್ಗೆ ಅವರ ಮಗಳೂ ಬಂದಳು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಒಬ್ಬಳೇ ಮಗಳು. ನಮ್ಮ ಮನೆಗೆ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ ವಿಮಾನದ ಸರಕು ಸಾಗಿಸುವ ಕಂಪನಿಯಲ್ಲಿ ಕೆಲಸ. ರಜೆ ಸಿಗದೆ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡೇ ಬಂದಿದ್ದಳು. "ಚಿಕ್ಕಮ್ಮ, ಐ ಹ್ಯಾವ್ ಟು ಸ್ಟೇ ಆನ್ ದಿಸ್ ಕಾಲ್, ಸಾರಿ" ಎಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ನಮ್ಮ ಹಾಲ್‌ನಲ್ಲಿ ದಕ್ಷಿಣ ದಿಕ್ಕಿಗೆ ಟೀವಿ ಇದೆ. ಮಣೆಯ ಮೇಲೆ ಕೂತ ಭಾವನವರು ಅದನ್ನು ನೋಡಿ, "ಯಮಧರ್ಮರಾಯ ಇದರಲ್ಲೇ ಬರ್ತಾನಾ?" ಎಂದರು. ಪುರೋಹಿತರು ದರ್ಭೆಯ ಪವಿತ್ರ ಹೆಣೆದರು. ಅದನ್ನು ಹಾಕಬೇಕಾದ್ದು ಉಂಗುರದ ಬೆರಳಿಗೆ. ಅವರು ಪವಿತ್ರ ಹಿಡಿದುಕೊಂಡು ಆ ಕೈಯನ್ನು ನೋಡುತ್ತಾ ಕೂತರು.

"ಇರೋದೊಂದೇ ಸೈಟು ಸ್ವಾಮಿ, ಅಲ್ಲೇ ಕಟ್ಟಿ" ಎಂದರು ಭಾವನವರು. ಪುರೋಹಿತರು ಹೆಬ್ಬೆರಳಿಗೆ ಹಾಕಿದರು.

ಬಲ ಅಂಗೈಯ ಮೇಲೆ ಕರಿ ಎಳ್ಳು. ಎಡಗೈಯಲ್ಲಿ ಚೊಂಬು. ಮುಂದೆ ಹಿತ್ತಾಳೆಯ ಹರಿವಾಣ. ಪುರೋಹಿತರು ಗೋತ್ರ ಹೇಳಿ, ಅಕ್ಕನ ಹೆಸರು ಹೇಳಿದರು. ಭಾವನವರು ನೀರು ಹಾಕಿ ಕೈ ವಾಲಿಸಿದರು. ನೀರಿಗೆ ತಡೆಯೇ ಇಲ್ಲ, ಬೋಳು ಅಂಗೈಯಿಂದ ಜಾರಿ ಮಣಿಕಟ್ಟಿಗೆ ಇಳಿದು, ಮೊಣಕೈಯಿಂದ ಪಂಚೆಯ ಮೇಲೆ ಸುರಿಯಿತು. ಎಳ್ಳೆಲ್ಲ ತೋಳಿಗೆ ಅಂಟಿತು. ಹರಿವಾಣದಲ್ಲಿ ಒಂದು ಹನಿಯೂ ಇಲ್ಲ.

"ಇನ್ನೊಂದು ಸಲ" ಎಂದರು ಪುರೋಹಿತರು.

ಈ ಸಲ ಭಾವನವರು ಕೈಯನ್ನು ಇನ್ನೂ ವಾಲಿಸಿದರು. ನೀರು ಆಚೆ ಬದಿಯಿಂದ ಚಾಪೆಗೆ ಬಿತ್ತು. ಇನ್ನೊಂದು ಸಲ. ಪಂಚೆ ಪೂರ್ತಿ ಒದ್ದೆ. "ನನಗೇ ಸ್ನಾನ ಮಾಡಿಸ್ತಿದಾಳೆ" ಎಂದು ನಕ್ಕರು. ಆದರೆ ಆ ನಗು ಬಾಯಿಯಲ್ಲಿ ನಿಲ್ಲಲಿಲ್ಲ. ಮತ್ತೆ ಎಳ್ಳು ಹಾಕಿಸಿಕೊಂಡರು, ಮತ್ತೆ ಸುರಿದರು. ಆಗಲೂ ಹರಿವಾಣ ಒಣಗೇ ಇತ್ತು.

ನಮ್ಮವರು ಹೆಗಲ ಮೇಲಿನ ಅಂಗವಸ್ತ್ರ ಸೊಂಟಕ್ಕೆ ಸುತ್ತಿಕೊಂಡು ಮುಂದೆ ಬಂದರು. "ಸಾಕು ಅಣ್ಣ. ಏಳು."

ಭಾವನವರು ಏಳಲಿಲ್ಲ. ತಮಾಷೆಯನ್ನೂ ಮಾಡಲಿಲ್ಲ. ತಲೆ ತಗ್ಗಿಸಿ ತಮ್ಮ ಕೈಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಊರಿಗೆಲ್ಲ ತೋರಿಸಿಕೊಂಡು ಓಡಾಡಿದ ಕೈಯನ್ನು, ಇವತ್ತೇ ಮೊದಲ ಸಲ ಕಂಡವರ ಹಾಗೆ. ಆಮೇಲೆ ಮೆಲ್ಲಗೆ ಅದನ್ನು ಒದ್ದೆ ಪಂಚೆಯ ಮಡಿಕೆಯೊಳಗೆ ಸೇರಿಸಿದರು. ಅವರು ಆ ಕೈ ಬಚ್ಚಿಟ್ಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಬಾಗಿಲಲ್ಲಿದ್ದ ಮಗಳು, "ಐ'ಲ್ ಕಾಲ್ ಯು ಬ್ಯಾಕ್" ಎಂದಳು. ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಸಿಂಕಿನಲ್ಲಿ ಕೈ ತೊಳೆದು ಬಂದು ಅಪ್ಪನ ಪಕ್ಕ ಚಾಪೆಯ ಮೇಲೆ ಮಂಡಿಯೂರಿದಳು. ಪಂಚೆಯೊಳಗಿನ ಕೈಯನ್ನು ಹೊರಗೆ ತೆಗೆದಳು.

"ವಿಚ್ ಫಿಂಗರ್ ಡು ಯು ನೀಡ್?" ಪುರೋಹಿತರನ್ನು ಕೇಳಿದಳು.

ಪುರೋಹಿತರು ತಮ್ಮ ತೋರುಬೆರಳನ್ನು ಎತ್ತಿ ತೋರಿಸಿದರು.

ಅವಳು ಅಪ್ಪನ ಅಂಗೈಯ ಅಂಚಿಗೆ ತನ್ನ ಅಂಗೈ ಒತ್ತಿ, ಅವರ ಹೆಬ್ಬೆರಳ ಪಕ್ಕಕ್ಕೆ ತನ್ನ ತೋರುಬೆರಳು ಇಟ್ಟಳು. ನಮ್ಮವರು ಪುರೋಹಿತರ ಮುಖ ನೋಡಿದರು. ಹೆಣ್ಣುಮಗಳು ಹೀಗೆ ಕೈ ಹಾಕಬಹುದೇ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಪುರೋಹಿತರು ಯಾರ ಮುಖವನ್ನೂ ನೋಡಲಿಲ್ಲ. ಇಬ್ಬರ ಅಂಗೈ ಸೇರಿದ ಕಡೆ ಒಂದು ಚಿಟಿಕೆ ಎಳ್ಳು ಹಾಕಿ, ಮಂತ್ರವನ್ನು ಮೊದಲಿನಿಂದ ಶುರುಮಾಡಿದರು. ಗೋತ್ರ. ಅಕ್ಕನ ಹೆಸರು.

"ಹಾಕು ಅಪ್ಪ. ಸ್ಲೋಲಿ" ಎಂದಳು ಮಗಳು.

ಭಾವನವರು ಎಡಗೈಯಿಂದ ಚೊಂಬು ಬಗ್ಗಿಸಿದರು. ನೀರು ಅವರ ಹೆಬ್ಬೆರಳು, ಅವಳ ತೋರುಬೆರಳ ನಡುವೆ ಒಂದು ಕ್ಷಣ ನಿಂತು, ಎಳ್ಳನ್ನೂ ಸೇರಿಸಿಕೊಂಡು, ಸಣ್ಣ ಧಾರೆಯಾಗಿ ಹರಿವಾಣಕ್ಕೆ ಇಳಿಯಿತು. ಹಿತ್ತಾಳೆಯ ಮೇಲೆ ನೀರು ಬಿದ್ದ ಸದ್ದು ಅಡುಗೆಮನೆಯ ಬಾಗಿಲಲ್ಲಿದ್ದ ನನಗೂ ಕೇಳಿಸಿತು.

"ಕುಡೀತಾಳಾ?" ಎಂದರು ಭಾವನವರು. ಯಾರನ್ನು ಕೇಳಿದರೋ ತಿಳಿಯದು.

"ಕುಡೀತಾರೆ ಸಾರ್. ಇನ್ನೂ ಎರಡು ಸಲ ಬಿಡಿ" ಎಂದರು ಪುರೋಹಿತರು.

ಪಿಂಡವನ್ನು ಹಿತ್ತಿಲಲ್ಲಿಟ್ಟು ಕಾಗೆಗೆ ಕಾದೆವು. ಬೇಲಿಯ ಆಚೆ ಕಾಗೆಯೊಂದು ಕೂಗಿತಾದರೂ ಬರಲಿಲ್ಲ. ಅಳಿಲು ಬಂದು ಎತ್ತಿಕೊಂಡು ಓಡಿತು. ಪುರೋಹಿತರು ಆಗಬಹುದು ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, "ತಿಥಿ ಮಾಡಿದ ಕರ್ತೃಗಳು ಇವತ್ತು ಹಗಲು ಮಲಗಬಾರದು, ಸ್ವಲ್ಪ ನೋಡ್ಕೊಳ್ಳಿಮ್ಮ" ಎಂದು ನನಗೆ ಹೇಳಿ ಹೋದರು.

ಊಟಕ್ಕೆ ಅನ್ನ, ತೊವ್ವೆ, ಮೆಣಸಿನ ಸಾರು, ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಉದ್ದಿನ ವಡೆ, ಹೆಸರುಬೇಳೆ ಪಾಯಸ, ಮೊಸರು. ಮಗಳು ಹಾಗಲಕಾಯಿ ಬಿಟ್ಟು ಉಳಿದೆಲ್ಲ ತಿಂದಳು, ಪಾಯಸ ಮತ್ತೆ ಹಾಕಿಸಿಕೊಂಡಳು. ಭಾವನವರು ಮಾತಾಡದೆ ಎಡಗೈಯಲ್ಲಿ ಎಲ್ಲವನ್ನೂ ಉಂಡರು. ಆಮೇಲೆ ಸೋಫಾದ ಮೂಲೆಯಲ್ಲಿ ಕೂತವರು, ನಾನು ಎಲೆ ತೆಗೆದು ನೆಲ ಒರೆಸಿ ಬರುವಷ್ಟರಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಬಲಗೈ ಮಗಳ ಮಡಿಲಲ್ಲಿತ್ತು. ಅವಳು ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಪಿಸುದನಿಯಲ್ಲಿ ಯಾವುದೋ ವಿಮಾನದ ವಿಚಾರ ಮಾತಾಡುತ್ತಿದ್ದಳು. ಎಬ್ಬಿಸಬೇಕೇನೋ ಎಂದು ನಾನು ನಮ್ಮವರ ಕಡೆ ನೋಡಿದೆ. ಶಾಸ್ತ್ರ ಎಂದರೆ ಕೂದಲೆಳೆಯಷ್ಟೂ ಬಿಡದ ಅವರು, ಎದ್ದು ಹೋಗಿ ಕಿಟಕಿಯ ಪರದೆ ಎಳೆದು ಬಂದರು.